ಪಂಪ್‌ಸೆಟ್ ಅಂಗಡಿಯಲ್ಲಿ ಬಿಚ್ಚಿಸಿದ ಆಂಪ್ಲಿಫೈಯರ್

ಕಾಲೇಜು ದಿನಗಳಿಂದ ನನಗೊಂದು ಒಳ್ಳೆಯ ಆಂಪ್ಲಿಫೈಯರಿನ ಆಸೆಯಿತ್ತು. ಅದು ಕೈಗೆ ಬಂದಾಗ ನನಗೆ ಐವತ್ತೆರಡು. ಮೈಸೂರಿನ ನಿವೃತ್ತ ಇಂಜಿನಿಯರೊಬ್ಬರು ಇಪ್ಪತ್ತು ವರ್ಷ ಮಗುವಿನಂತೆ ಸಾಕಿದ್ದ ಹೊರದೇಶದ ಪೆಟ್ಟಿಗೆ. ಎತ್ತಲು ಇಬ್ಬರು ಬೇಕು. ಮಂಡ್ಯದ ಮನೆಯ ಹಾಲಿನಲ್ಲಿ ಅದನ್ನಿಟ್ಟು, ಸ್ಪೀಕರಿಗೆ ಜೋಡಿಸಿ, ವೀಣೆಯ ಆಲಾಪನೆ ಹಾಕಿದೆ. ವೀಣೆಯ ಜೊತೆಗೆ ಇನ್ನೊಂದು ಸದ್ದೂ ಶುರುವಾಯಿತು. ಪೆಟ್ಟಿಗೆಯೊಳಗೆ ಜೇನುಹುಳುಗಳನ್ನು ಕೂಡಿಹಾಕಿದ ಹಾಗೆ ಒಂದೇ ಸಮನೆ ಗುಂಯ್.

"ಇಷ್ಟ್ ವರ್ಷ ಕಾದು ತಂದಿದ್ದು ಇದ್ನಾ?" ಎಂದಳು ಹೆಂಡತಿ.

ಇಂಜಿನಿಯರಿಗೆ ಫೋನ್ ಮಾಡಿದೆ. "ನಮ್ಮ ಮನೇಲಿ ಸದ್ದೇ ಇರಲಿಲ್ಲವಲ್ಲ," ಎಂದು ಅವರೂ ಪೇಚಾಡಿದರು. "ಆದರೆ ಯಾರ ಕೈಲೂ ಬಿಚ್ಚಿಸಬೇಡಿ. ಒಳಗೆ ಒಂದು ತಂತಿ ಬದಲಾದರೂ ಅದರ ಬೆಲೆ ಬಿದ್ದುಹೋಗುತ್ತೆ."

ಆ ಮಾತಿಗೆ ಹೆದರಿ ಎಂಟು ತಿಂಗಳು ಹಾಗೆಯೇ ಕೇಳಿದೆ. ಅಬ್ಬರದ ಹಾಡು ಹಾಕಿದರೆ ಗುಂಯ್‌ಗುಡುವುದು ಮುಚ್ಚಿಹೋಗುತ್ತಿತ್ತು. ನನಗೋ ಮೆಲುದನಿಯ ವೀಣೆಯೇ ಬೇಕಿತ್ತು.

ಆ ಬೇಸಿಗೆಯಲ್ಲಿ ಮಳವಳ್ಳಿ ಹತ್ತಿರದ ನಮ್ಮ ಜಮೀನಿನ ಮೋಟರು ಸುಟ್ಟಿತು. ತಮ್ಮನ ಜೊತೆ ಅದನ್ನು ಮದ್ದೂರಿನ ವೈಂಡಿಂಗ್ ಅಂಗಡಿಗೆ ಒಯ್ದೆ. ಅಂಗಡಿ ಗಂಡ ಹೆಂಡತಿ ಇಬ್ಬರದು. ಗಂಡ ಹಳ್ಳಿಗಳಿಗೆ ಹೋಗಿ ಬೋರಿನಿಂದ ಮೋಟರು ಎತ್ತಿ ತರುವವರು. ಅಂಗಡಿಯಲ್ಲಿ ಕೂತು ತಾಮ್ರದ ತಂತಿ ಸುತ್ತುವವರು ಹೆಂಡತಿ. ಆಕೆ ತಮ್ಮನ ಜೊತೆ ಮಾತಾಡುತ್ತಲೇ ಸುತ್ತು ಎಣಿಸುತ್ತಿದ್ದರು. ಎಣಿಕೆ ಒಮ್ಮೆಯೂ ತಪ್ಪಲಿಲ್ಲ. ಅದನ್ನು ನೋಡುತ್ತಾ ನನ್ನ ಪೆಟ್ಟಿಗೆಯ ಕಥೆ ಹೇಳಿಬಿಟ್ಟೆ.

"ಅದು ಎಷ್ಟ್ ವೋಲ್ಟಿಗೆ ಮಾಡಿರೋದು ಸಾ?"

"ಇನ್ನೂರಿಪ್ಪತ್ತು ಅಂತ ಹಿಂದ್ಗಡೆ ಬರ್ದದೆ ಕಣಮ್ಮ."

"ನಿಮ್ ಮನೇಲಿ ಎಷ್ಟ್ ಬತ್ತದೆ?"

ನನಗೆ ಗೊತ್ತಿರಲಿಲ್ಲ. ಆಕೆ ತಮ್ಮ ಮೀಟರನ್ನೇ ಕೈಗಿಟ್ಟು, ಒಂದು ವಾರ ಅಳೆದು ಬರೆದುಕೊಂಡು ಬನ್ನಿ ಎಂದರು. ಬೆಳಿಗ್ಗೆ ಎದ್ದ ಕೂಡಲೇ ನಾನು ಗೋಡೆಯ ಪ್ಲಗ್ಗಿಗೆ ಮೀಟರು ಚುಚ್ಚುವುದನ್ನು ನೋಡಿ ಹೆಂಡತಿ, "ಇವತ್ ಜ್ವರ ಎಷ್ಟದೆ?" ಎಂದು ಕೇಳುತ್ತಿದ್ದಳು. ಹೆಚ್ಚಿನ ಹೊತ್ತು ಇನ್ನೂರೈವತ್ತು ದಾಟುತ್ತಿತ್ತು.

ವಾರ ಕಳೆದು ಅಂಗಡಿಗೆ ಹೋದೆ. ಚೀಟಿ ನೋಡಿ ಆಕೆ ನಕ್ಕರು. "ಅದ್ನ ಮಾಡ್ದೋರು ಅವ್ರೂರ ಕರೆಂಟಿಗೆ ಮಾಡವ್ರೆ ಸಾ. ನಿಮ್ ಬೀದಿ ಕರೆಂಟು ಅವ್ರಿಗೇನ್ ಗೊತ್ತು? ವೋಲ್ಟು ಜಾಸ್ತಿಯಾದ್ರೆ ಟ್ರಾನ್ಸ್‌ಫಾರ್ಮರ್ ಒಳ್ಗಿನ ತಗಡು ಅದುರ್ತದೆ, ಅದೇ ಗುಂಯ್ ಅನ್ನೋದು; ಮೈಸೂರಲ್ಲಿ ಕಮ್ಮಿ ಬತ್ತಿದ್ದಿರ್ಬೇಕು. ಟ್ರಾನ್ಸ್‌ಫಾರ್ಮರ್‌ಗೆ ಇನ್ನೊಂದಷ್ಟ್ ಸುತ್ತು ಜಾಸ್ತಿ ಸುತ್ತಿ, ತಗಡು ಅಲ್ಲಾಡ್ದಂಗೆ ವಾರ್ನಿಶ್ ಕುಡಿಸ್ಬೇಕು. ಬೇರೇದೇನೂ ನಾ ಮುಟ್ಟಕಿಲ್ಲ. ಅದು ನಂಗ್ ಗೊತ್ತಿಲ್ದಿರೋ ಕೆಲ್ಸ."

ಗೊತ್ತಿಲ್ಲದ್ದನ್ನು ಮುಟ್ಟುವುದಿಲ್ಲ ಎಂದರಲ್ಲ, ಆ ಒಂದು ಮಾತಿಗೆ ನಾನು ಒಪ್ಪಿ, ಪೆಟ್ಟಿಗೆಯನ್ನು ಅಂಗಡಿಗೆ ತಂದೆ. ಆದರೂ ಎಣ್ಣೆ ಮೆತ್ತಿದ ಪಂಪುಗಳ ನಡುವೆ ನನ್ನ ಹೊಳೆಯುವ ಪೆಟ್ಟಿಗೆಯ ಮುಚ್ಚಳ ಬಿಚ್ಚಿಕೊಂಡಾಗ ಇಂಜಿನಿಯರ ಮಾತು ನೆನಪಾಯಿತು. ಆಕೆ ಒಂದೊಂದು ತಂತಿಗೂ ಬೇರೆ ಬೇರೆ ಬಣ್ಣದ ನೂಲು ಕಟ್ಟಿ ಗುರುತು ಮಾಡಿಟ್ಟರು.

ಹತ್ತು ದಿನಗಳ ಮೇಲೆ ಅದನ್ನು ಮನೆಗೆ ತಂದು ಸ್ವಿಚ್ ಒತ್ತಿದೆ. ಏನೂ ಕೇಳಿಸಲಿಲ್ಲ. ಕೆಟ್ಟೇ ಹೋಯಿತೆಂದುಕೊಂಡೆ. ಆಮೇಲೆ ನೋಡಿದರೆ ಮುಂದಿನ ಕೆಂಪು ದೀಪ ಉರಿಯುತ್ತಿದೆ. ವೀಣೆ ಹಾಕಿದೆ. ಮೊದಲ ಮೀಟು ಬಿತ್ತು. ಆ ಸ್ವರ ಸಣ್ಣಗಾಗುತ್ತಾ ಹೋಗಿ ಪೂರ್ತಿ ಇಲ್ಲವಾಗುವವರೆಗೂ ಕೇಳಿಸಿತು. ಅಡುಗೆಮನೆಯಲ್ಲಿದ್ದ ಹೆಂಡತಿ ಗ್ಯಾಸ್ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಆಲಾಪನೆ ಮುಗಿದ ಮೇಲೆಯೇ ಎದ್ದಳು.

ಇಂಜಿನಿಯರಿಗೆ ವಿಷಯ ತಿಳಿಸಿದೆ. "ಪಂಪ್‌ಸೆಟ್ ಅಂಗಡೀಲಾ? ಇನ್ನು ಅದನ್ನ ಯಾರು ಕೊಳ್ತಾರೆ?" ಎಂದು ನೊಂದುಕೊಂಡರು. ಅವರ ಮಾತು ಸುಳ್ಳಲ್ಲ; ಮಾರಲು ಹೋದರೆ ಬೆಲೆ ಬಿದ್ದೇ ಬಿದ್ದಿತ್ತು. ಆದರೆ ನಾನು ಅದನ್ನು ತಂದದ್ದು ಕೇಳುವುದಕ್ಕೆ, ಮಾರುವುದಕ್ಕಲ್ಲ. ಕೇಳುವವನ ಪಾಲಿಗೆ ಅದರ ಬೆಲೆ ಮೊದಲ ಸಲ ಏರಿತ್ತು.

ಮುಂದಿನ ಭಾನುವಾರ ತಂತಿ ಸುತ್ತಿದ ಆಕೆಯನ್ನು ಊಟಕ್ಕೆ ಕರೆದೆ. ಗಂಡ, ಅತ್ತೆ ಸಮೇತ ಮದ್ದೂರಿನಿಂದ ರೈಲಿನಲ್ಲಿ ಬಂದರು. ನಾನು ಕೊಳಲು ಹಾಕಿದರೆ ಆಕೆ ಸ್ಪೀಕರಿನ ಕಡೆ ತಿರುಗಿಯೂ ನೋಡದೆ, ಪೆಟ್ಟಿಗೆಯ ಮುಚ್ಚಳಕ್ಕೆ ಕಿವಿಯಿಟ್ಟು, ಕಣ್ಣುಮುಚ್ಚಿ ನಿಂತುಬಿಟ್ಟರು. ಟ್ರಾನ್ಸ್‌ಫಾರ್ಮರ್ ಸುಮ್ಮನಿದೆಯೆಂದು ಖಾತ್ರಿಯಾದ ಮೇಲೆಯೇ ಸೋಫಾದಲ್ಲಿ ಕೂತದ್ದು. ಸ್ವಲ್ಪ ಹೊತ್ತಿಗೆ ಗಂಡನ ತೋಳು ಹಿಡಿದು ಅಲ್ಲಾಡಿಸಿದರು.

"ಊದೋರು ಉಸ್ರು ಎಳ್ಕಂಡ್ರು, ಕೇಳುಸ್ತಾ?"

"ಕೇಳುಸ್ತು ಕಣೆ, ಸುಮ್ಕಿರು."

"ನಾ ಸುತ್ತಿದ್ದು ನೀರೆತ್ತೋದ್ ನೋಡಿದ್ದೆ. ಹಾಡೋದ್ನ ಇವತ್ತೇ ಕೇಳ್ತಿರೋದು," ಎಂದು ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಗಂಡನಿಗೂ ನಗು ಬಂತು.

ಅವರು ಹೋಗಬೇಕಿದ್ದ ರೈಲು ತಪ್ಪಿತು. ಮುಂದಿನದಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು. ಅಲ್ಲಿಯವರೆಗೆ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದ ಅತ್ತೆ, "ವಸಿ ಜೋರಾಗ್ ಮಡಗಪ್ಪ, ನಂಗೆ ಕಿವಿ ಮಂದ," ಎಂದರು. ನಾನು ಎದ್ದು ಹೋಗಿ ದನಿ ಏರಿಸಿದೆ.