ಪೂರ್ವಕ್ಕೆ ತಿರುಗಿದ ಗಾಣ

ನನ್ನ ಕಿವಿಯ ಬಗ್ಗೆ ನನಗೆ ಒಂಚೂರು ಜಂಬ. ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು ನಾನು. ಓದಿದವರು ಪುಸ್ತಕ ಬಿಚ್ಚುವ ಕಡೆ ನಾನು ಕಿವಿ ಇಡುತ್ತೇನೆ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಬೇರಿಂಗಿಗೆ, ಇನ್ನೊಂದು ಕಿವಿಗೆ: ಒಳಗಿನ ಸಂಸಾರವೆಲ್ಲ ಕೇಳಿಸುತ್ತದೆ. ರೋಗಿ ಡಾಕ್ಟರಿಗೆ ಸುಳ್ಳು ಹೇಳಬಹುದು, ಬೇರಿಂಗು ನನಗೆ ಹೇಳುವುದಿಲ್ಲ.

ಮಂಡ್ಯದ ಒಂದು ಕಬ್ಬಿನ ಗಾಣದ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಚೌಕಟ್ಟು, ರೋಲರು, ಹಲ್ಲುಚಕ್ರ ಎಲ್ಲ ಬಿಡಿಬಿಡಿಯಾಗಿ ನನ್ನ ಮುಂದೆ ಬಂದು ಬೀಳುತ್ತವೆ, ಗಾಣವಾಗಿ ಎದ್ದು ಹೋಗುತ್ತವೆ. ರೋಲರುಗಳ ನಡುವಿನ ಸಂದನ್ನು ಇಂಜಿನಿಯರು ತೆಳು ತಗಡಿನ ಅಳತೆಪಟ್ಟಿ ತೂರಿಸಿ ನೋಡುತ್ತಾರೆ. ನಾನು ಹಿಂಡಿ ಬಂದ ಸಿಪ್ಪೆ ಮುಟ್ಟಿ ನೋಡುತ್ತೇನೆ. ಇಬ್ಬರ ಲೆಕ್ಕವೂ ಒಂದೇ ಆಗುತ್ತದೆ, ಅವರ ಅಂಗಿ ಮಾತ್ರ ಬೆಳ್ಳಗಿರುತ್ತದೆ.

ಜೋಡಿಸಿದವನೇ ಆಲೆಮನೆಗೆ ಹೋಗಿ ಗಾಣ ಕೂರಿಸಿ ಬರುವುದು ನಮ್ಮ ಪದ್ಧತಿ. ಎಪ್ಪತ್ನಾಲ್ಕರಲ್ಲೋ ಎಪ್ಪತ್ತೈದರಲ್ಲೋ ಕೊಪ್ಪಕ್ಕೆ ಹೊರಟಾಗ, ನಾನು ಅಳತೆಪಟ್ಟಿ ಮುಟ್ಟಲಿಲ್ಲವೆಂಬ ಸಿಟ್ಟಿಗೆ ಮೇಸ್ತ್ರಿ ಎಚ್ಚರಿಸಿದ್ದರು: "ಒಂದು ದೂರು ಬರ್ಲಿ, ಜೋಡ್ಸೋ ಕೆಲ್ಸ ಬುಟ್ಟು ಒಸಬ್ರ ಜೊತೆ ಅರ ಉಜ್ಜಕ್ಕೆ ಓಯ್ತೀಯ ಕಣ್ಲಾ!"

ಕೊಪ್ಪದಲ್ಲಿ ಗಾಣವನ್ನು ಮರದ ದಿಮ್ಮಿಗಳ ಮೇಲಿಟ್ಟು, ಗಾಣದ ರಾಟೆಯಿಂದ ಮೋಟಾರಿನ ರಾಟೆಗೆ ದಾರ ಹಿಡಿದು ನೇರ ಮಾಡಿ, ಊಟಕ್ಕೆ ಕೂತೆ. ಉಂಡು ಬಂದು ದಿಮ್ಮಿ ಅಲ್ಲಾಡದಂತೆ ಗೂಟ ಬಡಿದು ಬೆಲ್ಟು ಏರಿಸಿ ಸ್ವಿಚ್ಚು ಹಾಕಿಸಿದರೆ, ಕಿರ್ರೋ ಎಂದು ಊರಿಗೇ ಕೇಳುವಂತೆ ಕೂಗಿತು. ಸ್ಕ್ರೂಡ್ರೈವರು ಕಿವಿಗಿಟ್ಟು "ಬೇರಿಂಗು" ಎಂದೆ. ಬಿಚ್ಚಿದೆ, ಅದು ಸರಿಯಿತ್ತು. ಹಲ್ಲುಚಕ್ರ ಎಂದೆ, ಅದೂ ಸರಿಯಿತ್ತು. ಮಧ್ಯಾಹ್ನವೆಲ್ಲ ಬಿಚ್ಚಿ ಜೋಡಿಸಿದ್ದಾಯಿತು, ಕೂಗು ನಿಲ್ಲಲಿಲ್ಲ.

"ಒಸ ಗಾಣನ ಕೋಳಿ ಕುಯ್ದಂಗೆ ಕುಯ್ದಾಕ್ಬುಟ್ನಲ್ಲಪ್ಪಾ!" ಎಂದ ನೋಡಲು ನೆರೆದವರಲ್ಲಿ ಒಬ್ಬ. ಹೊಸಬರ ಜೊತೆ ಕಬ್ಬಿಣಕ್ಕೆ ಅರ ಉಜ್ಜುವ ಬೆಂಚು ಕಣ್ಣಿಗೆ ಕಟ್ಟಿತು.

ಆಗ ಆಲೆಮನೆಯ ಯಜಮಾನರ ತಾಯಿ ನಿಂಗಮ್ಮ ಹತ್ತಿರ ಬಂದು, "ಪೂರ್ವಕ್ಕೆ ಮಕ ಮಾಡ್ಸಿದ್ರೂ ಯಾಕ್ಲಾ ಮಗ ಇಂಗಾಡ್ತದೆ?" ಎಂದರು.

"ಯಾರು ಮಾಡ್ಸಿದ್ದವ್ವಾ?"

"ನಾನೇ ಕಣಪ್ಪ. ಮೂಲೆಗೆ ಮಕ ಆಕ್ಕಂಡು ಕುಂತಿತ್ತು. ನೀನು ಉಣ್ತಿದ್ದಾಗ ಕೆಲ್ಸದ ಐಕಳ್ಗೇಳಿ ಒಸಿ ತಿರುಗ್ಸಿದೆ. ಪೂಜೆ ಆಗ್ಬೇಕಲ್ವಾ?"

ಕಣ್ಣೆತ್ತಿ ನೋಡಿದೆ. ಬೆಲ್ಟು ಓರೆಯಾಗಿ ರಾಟೆಯ ಅಂಚಿಗೆ ಉಜ್ಜುತ್ತಿತ್ತು. ಗೂಟ ಬಡಿಯುವ ಮುಂಚೆ ಇನ್ನೊಮ್ಮೆ ದಾರ ಹಿಡಿದಿದ್ದರೆ ಸಾಕಿತ್ತು.

"ಅವ್ವಾ, ಮೋಟಾರ್ಗೂ ಒಬ್ಬ ದೇವ್ರವ್ನೆ, ಅದುನ್ನೂ ಒಸಿ ತಿರುಗ್ಸನ" ಎಂದೆ. ತಿರುಗಿಸಿದೆವು. ಗಾಣ ಉಸಿರೆತ್ತದೆ ಕಬ್ಬು ನುಂಗತೊಡಗಿತು.

ಮಾರನೆಯ ದಿನ ಮೇಸ್ತ್ರಿಯ ಮುಂದೆ ನಿಂತಾಗ, ತಪ್ಪನ್ನು ಮುದುಕಿಯ ತಲೆಗೆ ಕಟ್ಟಿ ಜೋಡಿಸುವ ಕೆಲಸ ಉಳಿಸಿಕೊಳ್ಳುವ ಆಸೆ ನಾಲಗೆಯ ತುದಿಯವರೆಗೂ ಬಂತು. ನುಂಗಿಕೊಂಡು, "ಜೋಡ್ಸಿದ್ದು ಸರಿಯಿತ್ತು ಸಾರ್. ನೋಡ್ದೆ ಗೂಟ ಬಡ್ದಿದ್ದು ನಂದೇ ತಪ್ಪು" ಎಂದು ನಡೆದದ್ದೆಲ್ಲ ಹೇಳಿದೆ.

ಅವರು ದುರುಗುಟ್ಟಲು ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾಳೀಕೆ ಮಳವಳ್ಳಿ ಕಡೆಗೊಂದು ಗಾಣ ಓಯ್ತದೆ. ನೀನೇ ಓಗು."

ಈಗ ಯಾವ ಊರಿಗೆ ಹೋದರೂ ಪೆಟ್ಟಿಗೆ ಬಿಚ್ಚುವ ಮೊದಲು ಮನೆಯ ಹಿರಿಯಮ್ಮನನ್ನು ಹುಡುಕುತ್ತೇನೆ. ಗಾಣ ತಿರುಗಿಸುವುದು ಮೋಟಾರೇ ಇರಬಹುದು. ಅದು ಯಾವ ಕಡೆ ನೋಡಬೇಕೆಂದು ತೀರ್ಮಾನಿಸುವವರು ಅಡಿಗೆಮನೆಯಲ್ಲಿರುತ್ತಾರೆ.