ಎರಡು ಪಟ್ಟಿಯ ಬಾಟಲಿ

ಸೊಲ್ಲಾಪುರದಿಂದ ಔಷಧದ ಅಂಗಡಿಗಳ ತಪಾಸಣೆಗೆ ಬರುತ್ತಿದ್ದ ಇನ್ಸ್‌ಪೆಕ್ಟರ್ ಪ್ರತಿ ಸಲ ನಮ್ಮನೆಯವರನ್ನು ಹೊಗಳುತ್ತಿದ್ದರು. "ಔಷಧದ ಅಂಗಡಿ ಅಂದ್ರ ಶಾಂತಲಿಂಗಪ್ಪನವರದು" ಎನ್ನುತ್ತಿದ್ದರು. ಕೇಳಿ ನನಗೆ ಮೈ ಉರಿಯುತ್ತಿತ್ತು. ಏಕೆಂದು ಹೇಳುತ್ತೇನೆ, ಇನ್ನು ಮುಚ್ಚಿಡುವುದು ನನ್ನಿಂದಾಗದು.

ಅಕ್ಕಲಕೋಟದ ನಮ್ಮ ಅಂಗಡಿಯಲ್ಲಿ ಆಗ ಕುಡಿಯುವ ಔಷಧವನ್ನು ಅಲ್ಲೇ ಕಲಸಿ ಬಾಟಲಿಗೆ ತುಂಬಿ ಕೊಡುತ್ತಿದ್ದರು. ಬಾಟಲಿಯ ಮೈಗೆ ಉದ್ದನೆಯ ಕಾಗದದ ಪಟ್ಟಿ ಅಂಟಿಸುವುದು, ಪಟ್ಟಿಯ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕುವುದು. ಒಂದು ಕಚ್ಚಿನಿಂದ ಮುಂದಿನ ಕಚ್ಚಿಗೆ ಇಳಿದರೆ ಅದು ಒಂದು ಹೊತ್ತಿನ ಔಷಧ. ಅಕ್ಷರ ಬಾರದವರೂ ಕಚ್ಚು ನೋಡಿ ಕುಡಿಸುತ್ತಿದ್ದರು. ಮರಳಿ ಬಂದ ಖಾಲಿ ಬಾಟಲಿಯನ್ನು ನೆನೆಹಾಕಿ, ಹಳೆಯ ಪಟ್ಟಿಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು, ಕುದಿಯುವ ನೀರಲ್ಲಿ ತೊಳೆಯುವ ಕೆಲಸವನ್ನು ಇವರು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಎಪ್ಪತ್ತೊಂದನೆಯ ಇಸವಿ, ಒಂದು ಗುರುವಾರ. ಊರಿನ ಮಠಕ್ಕೆ ಸ್ವಾಮಿ ದರ್ಶನಕ್ಕೆಂದು ಬಂದವರಿಂದ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಸೊಲ್ಲಾಪುರದಾಚೆಯ ಮರವಡೆ ಎಂಬ ಹಳ್ಳಿಯ ಕುರಿ ಕಾಯುವ ಮನೆತನದ ಸುಗಲಾಬಾಯಿ ಎರಡು ವರ್ಷದ ಮಗ ಕಾಮಣ್ಣನನ್ನು ಎತ್ತಿಕೊಂಡು ಬಂದಳು. ಜ್ವರಕ್ಕೆ ಕೂಸಿನ ಮೈ ಸೆಳೆಯುತ್ತಿತ್ತು. ಡಾಕ್ಟರು ನಿದ್ದೆ ಬರಿಸುವ ಔಷಧ ಬರೆದಿದ್ದರು. ಇವರು ಕಲಸಿ, ಹನ್ನೆರಡು ಕಚ್ಚಿನ ಪಟ್ಟಿ ಅಂಟಿಸಿ ಕೊಟ್ಟರು. ಅವಳು ಬಸ್ಸು ಹತ್ತಿ ಹೋದಳು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಇವರ ಅಂಗಿಯ ತೋಳಿಗೆ ಹಸಿ ಕಾಗದದ ಚೂರು ಅಂಟಿದ್ದನ್ನು ನಾನೇ ತೋರಿಸಿದೆ. ಅದರಲ್ಲಿ ಅರ್ಧ ಕಚ್ಚಿತ್ತು. ಇವರು ಚೂರನ್ನು ಬೆರಳ ಮೇಲೆ ತೆಗೆದುಕೊಂಡು ನೋಡಿದರು. ಬೆಳಿಗ್ಗೆ ನೀರಿನಿಂದ ತೆಗೆದದ್ದು ಸುಗಲಾಬಾಯಿಗೆ ಕೊಟ್ಟ ಆ ಒಂದೇ ಬಾಟಲಿ; ಗಿರಾಕಿಗಳ ಗದ್ದಲದಲ್ಲಿ ಈ ಚೂರನ್ನಷ್ಟೇ ಕೆರೆದು ಬಿಟ್ಟಿದ್ದರು. ದೊಡ್ಡವರಿಗೆ ಕೊಟ್ಟಿದ್ದ ನಾಲ್ಕು ಕಚ್ಚಿನ ಹಳೆಯ ಪಟ್ಟಿ ಬಾಟಲಿಯ ಹಿಂಬದಿಗೆ ಹಾಗೇ ಉಳಿದಿತ್ತು. ಅದನ್ನು ನೋಡಿ ಕುಡಿಸಿದರೆ ಕೂಸಿನ ಹೊಟ್ಟೆಗೆ ಮೂರು ಪಟ್ಟು ಹೋಗುತ್ತದೆ.

ಅನ್ನ ಬಿಟ್ಟು ಎದ್ದರು. ಅಂಗಡಿಯ ವಹಿಯಲ್ಲಿ ಊರಿನ ಹೆಸರಿತ್ತು. ಸೊಲ್ಲಾಪುರಕ್ಕೆ ಹೋಗುವಷ್ಟರಲ್ಲಿ ಮುಂದಿನ ಬಸ್ಸು ತಪ್ಪಿತು. ಮರುದಿನ ಮರವಡೆ ಮುಟ್ಟಿದಾಗ ಕೂಸನ್ನು ಮಣ್ಣು ಮಾಡಿ ಬಂದಿದ್ದರು.

"ನಿಮ್ಮ ಔಷಧಕ್ಕ ನಿದ್ದಿ ಹತ್ತಿತ್ತರಿ ಅಣ್ಣಾರ. ಅಳದಂಗ ಹೋದ" ಎಂದಳಂತೆ ಸುಗಲಾಬಾಯಿ. ಇಷ್ಟು ದೂರ ಬಂದಿರಲ್ಲ ಎಂದು ಕೈ ಮುಗಿದಳಂತೆ. ಇವರು ಪಟ್ಟಿಯ ಮಾತೆತ್ತದೆ ತಿರುಗಿ ಬಂದರು. ಜ್ವರ ಕೊಂದಿತೋ, ಔಷಧ ಕೊಂದಿತೋ, ಯಾರು ಹೇಳಬೇಕು? ಡಾಕ್ಟರಿಗೂ ಹೇಳಲಿಲ್ಲ. ನನಗೊಬ್ಬಳಿಗೇ ಹೇಳಿದರು.

ಅಲ್ಲಿಂದ ಇವರ ಹೆಬ್ಬೆರಳು ಸುಮ್ಮನಿರಲಿಲ್ಲ. ಮೇಜು, ಊಟದ ತಾಟು, ಹಾಸಿಗೆಯ ಅಂಚು, ಸಿಕ್ಕಿದ್ದನ್ನೆಲ್ಲ ಕೆರೆಯುತ್ತಿದ್ದರು. ಉಗುರು ಕಿತ್ತು ರಕ್ತ ಬಂದರೂ ಗೊತ್ತಾಗುತ್ತಿರಲಿಲ್ಲ. ಗಿರಾಕಿಯ ತೊಡೆಯ ಮೇಲೆ ಕೂಸು ಮಲಗಿದ್ದರೆ ಎದ್ದು ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡುವರು. "ಕಚ್ಚಿನ ಮ್ಯಾಲ ಬೆರಳಿಟ್ಟ ತೋರಸ್ರಿ" ಎಂದು ಪ್ರತಿಯೊಬ್ಬರಿಂದ ತೋರಿಸಿಕೊಳ್ಳದೆ ಬಾಟಲಿ ಬಿಡುತ್ತಿರಲಿಲ್ಲ. ಜನ ಇದಕ್ಕೆ ಶಾಂತಲಿಂಗಪ್ಪನ ಸಾಲಿ, ಅಂದರೆ ಶಾಲೆ, ಎಂದು ಹೆಸರಿಟ್ಟರು. ಇನ್ಸ್‌ಪೆಕ್ಟರ್ ಹೊಗಳಿದ್ದು ಇದನ್ನೇ.

ಅದಕ್ಕಿಂತ ದೊಡ್ಡ ಶಿಕ್ಷೆ ವರ್ಷಕ್ಕೊಮ್ಮೆ ಬರುತ್ತಿತ್ತು. ಕೂಸು ಹೋದ ತಿಂಗಳ ಒಂದು ಗುರುವಾರ ಸುಗಲಾಬಾಯಿ ತಪ್ಪದೆ ಬಂದು ತಮ್ಮ ಕುಲದೇವರು ಬೀರೋಬನ ಭಂಡಾರವನ್ನು, ಆ ಅರಿಶಿನಪುಡಿಯನ್ನು, ಇವರ ಹಣೆಗೆ ಹಚ್ಚುವಳು. ಆಮೇಲೆ ಕಟ್ಟೆಯ ಮೇಲೆ ಕುಳಿತು ಒಂದೇ ಮಾತು ಕೇಳುವಳು: "ಅಣ್ಣಾರ, ಒಂದ ಕಚ್ಚ ಅಂದ್ರ ಎಷ್ಟರಿ?" ಇವರು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಹಳ್ಳಿಯ ಹೆಂಗಸು, ಏನೋ ಕುತೂಹಲ ಎಂದುಕೊಂಡು ನಾನು ಚಹಾ ಕೊಟ್ಟು ಕಳಿಸುತ್ತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಏಳನೆಯ ವರ್ಷ ಅವಳು ಬಸ್ಸಿಳಿದು ಬರುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಒಳಗೆ ಹೊರಟಿದ್ದ ಇವರ ಅಂಗಿ ಹಿಡಿದು ನಿಲ್ಲಿಸಿದೆ.

"ಇವತ್ತ ನೀವ ಹೇಳ್ತೀರೋ, ನಾ ಹೇಳಲ್ಯೋ?"

ಅವಳು ಭಂಡಾರದ ಚೀಲ ಬಿಚ್ಚುತ್ತಿದ್ದಳು. ಇವರು ನೆಲ ನೋಡುತ್ತ ಹೇಳಿದರು. "ಯವ್ವಾ, ಆ ಬಾಟ್ಲಿ ಮ್ಯಾಲ ದೊಡ್ಡವರ ಪಟ್ಟಿ ಉಳದಿತ್ತು. ನಾ ಕೆರದು ತಗೀಲಿಲ್ಲ. ತಪ್ಪ ನಂದು."

ಸುಗಲಾಬಾಯಿ ಚೀಲದ ತಳದಿಂದ ಅದೇ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಎರಡೂ ಪಟ್ಟಿ ಇದ್ದವು.

"ವರ್ಷಾ ವರ್ಷಾ ತರತಿದ್ನಿರಿ. ತೋರಸಾಕ ಧೈರ್ಯ ಆಗಿದ್ದಿಲ್ಲ. ಯಾವ ಪಟ್ಟಿ ನನ್ನ ಕೂಸಿಂದು ಅಂತ ತಿಳೀಲಿಲ್ಲ. ಲಗೂ ಆರಾಮ ಆಗಲಿ ಅಂತ ದೊಡ್ಡದು ನೋಡಿ ಕುಡಿಸಿನಿ. ನಾನ ತಪ್ಪ ಎಣಸಿ ಕೊಂದೀನಿ ಅಂತ ತಿಳದಿದ್ನಿ. ಏಳ ವರ್ಷ ಈ ಕೈಲೆ ಯಾರ ಕೂಸಿಗೂ ಒಂದ ಗುಟುಕ ನೀರ ಕುಡಿಸಿಲ್ಲರಿ."

ನನ್ನ ನಾಲಿಗೆಯೂ ಏಳು ವರ್ಷ ಸುಮ್ಮನಿತ್ತಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಅವತ್ತ ನಮ್ಮ ಮನಿಗಿ ಬಂದಾಗ ನಿಮಗ ಗೊತ್ತಿತ್ತೇನ್ರಿ?"

ಇವರು ಹೌದೆಂದು ತಲೆಯಾಡಿಸಿದರು.

ಅವಳು ಚೀಲದಿಂದ ಭಂಡಾರ ತೆಗೆದಳು. ಇವರು ಎಂದಿನಂತೆ ಹಣೆ ಬಾಗಿಸಿದರು. ಅವಳು ಅದನ್ನು ತನ್ನ ಬಲಗೈಗೆ ಹಚ್ಚಿಕೊಂಡಳು, ಬೆರಳಿನಿಂದ ಮೊಣಕೈವರೆಗೆ, ಚೀಲ ಖಾಲಿಯಾಗುವ ತನಕ. ಬಾಟಲಿಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೋದಳು.