ಸಾಂತಾಕ್ರೂಜಿನ ಕುದುರೆದಾರಿ

ಸಯನ್ನಿನಲ್ಲಿ ಬೆಳಗಿನ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಸಾಂತಾಕ್ರೂಜಿನಲ್ಲಿ ಇಳಿದಾಗ ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಮಳೆಗಾಲ ಮುಗಿದು ಮುಂಬಯಿಗೆ ಎರಡನೆಯ ಬೇಸಿಗೆ ಬಂದಿತ್ತು. ಅಷ್ಟು ಹೊತ್ತಿಗೇ ಅಂಗಿ ಬೆನ್ನಿಗೆ ಅಂಟಿತ್ತು. ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಕಾಫಿ ಕುಡಿದು ಪಶ್ಚಿಮಕ್ಕೆ ನಡೆದೆ. ದಾರಿ ಕೇಳಬೇಕಾಗಲಿಲ್ಲ. ಎರಡು ಕಟ್ಟಡಗಳ ನಡುವಿನ ಸಂದಿಯಿಂದ ಲದ್ದಿಯ ವಾಸನೆ ಬರುತ್ತಿತ್ತು.

ಜುಹೂ ಕಡಲ ತೀರದಲ್ಲಿ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಸವಾರಿ ಮಾಡಿಸುವವರನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ಆ ಕುದುರೆಗಳ ಲಾಯ ಇದು. ಸಂಜೆಯ ಸವಾರಿಯಲ್ಲದೆ, ಮುಂಜಾನೆ ಕಾಲುಗಳನ್ನು ಉಪ್ಪುನೀರಿನಲ್ಲಿ ನೆನೆಸಲೆಂದೂ ಅವುಗಳನ್ನು ಕಡಲಿಗೆ ಒಯ್ಯುತ್ತಾರೆ. ಮೊದಲು ಇಲ್ಲಿಂದ ತೀರಕ್ಕೆ ಒಂದು ಮಣ್ಣಿನ ದಾರಿಯಿತ್ತು. ಸುತ್ತಲಿನವರು ಮರಾಠಿಯಲ್ಲಿ ಅದನ್ನು ಘೋಡೇವಾಟ್, ಅಂದರೆ ಕುದುರೆದಾರಿ, ಎನ್ನುತ್ತಿದ್ದರು. ಹೋದ ವರ್ಷ ಒಂದು ಹೌಸಿಂಗ್ ಸೊಸೈಟಿ ಅದಕ್ಕೆ ಅಡ್ಡಲಾಗಿ ಕಾಂಪೌಂಡು ಕಟ್ಟಿತು. ಅಂದಿನಿಂದ ಕುದುರೆಗಳು ಲಾರಿ, ಬಸ್ಸುಗಳ ನಡುವೆ ದೊಡ್ಡ ರಸ್ತೆಯಲ್ಲೇ ಹೋಗಿ ಬರಬೇಕಾಗಿದೆ. ದಾರಿ ಬಿಡಿಸಿಕೊಡಿ ಎಂದು ಸವಾರರು ಒಂದು ವರ್ಷದಿಂದ ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದಾರೆ. ನಕ್ಷೆಯಲ್ಲಿ ಅಂಥ ದಾರಿಯೇ ಇಲ್ಲವೆಂಬ ಉತ್ತರ ಬರುತ್ತಿತ್ತು. ಕೊನೆಗೆ ರಸ್ತೆ ಇಲಾಖೆಯ ಒಬ್ಬ ಎಂಜಿನಿಯರು, ದಾರಿ ಇತ್ತೆಂದು ನೀವು ತೋರಿಸಿದರೆ ಬಂದು ನೋಡುತ್ತೇನೆ ಎಂದು ಒಪ್ಪಿದ್ದರು. ತೋರಿಸುವ ದಿನ ಇದೇ ಆಗಿತ್ತು.

ಇದನ್ನು ಪತ್ರಿಕೆಗೆ ಬರೆಯಲೆಂದು ನನ್ನನ್ನು ಕರೆಸಿದವನು ಇಂಡಿ ತಾಲೂಕಿನ ಭೀಮಪ್ಪ. ಕಟ್ಟಡದ ಕೆಲಸಕ್ಕೆಂದು ಬಂದು ಕುದುರೆಗೆ ಅಂಟಿಕೊಂಡವನು. ಅವನ ಬಿಳಿ ಹೆಣ್ಣು ಕುದುರೆಯ ಹೆಸರು ಶೇವಂತಿ. ಲಾಯದ ಹಿರಿಯರಾದ ಯೂಸುಫ್ ಚಾಚಾ ತಮ್ಮ ಎಳೆಯ ಕಂದು ಕುದುರೆಯ ಮೇಲೆ ಆಗಲೇ ಕುಳಿತಿದ್ದರು. ನನ್ನನ್ನು ಶೇವಂತಿಯ ಮೇಲೆ ಹತ್ತಿಸಿದರು.

"ಹೆದರಬ್ಯಾಡ್ರಿ ಸಾಹೇಬ್ರ," ಎಂದ ಭೀಮಪ್ಪ. "ಅಕಿ ಪೇಪರಿನವ್ರನ್ನ ಕೆಡವೂದಿಲ್ಲ. ಬರೀತಾರಂತ ಗೊತ್ತೈತಿ."

ದೊಡ್ಡ ರಸ್ತೆಗೆ ಬಂದೆವು. ಯೂಸುಫ್ ಚಾಚಾ ಮುಂದೆ, ನಾನು ಹಿಂದೆ. ಲಗಾಮು ಭೀಮಪ್ಪನ ಕೈಯಲ್ಲಿ. ಒಂದು ಬಸ್ ಸ್ಟಾಪಿನ ಬಳಿ ರಸ್ತೆಗೆ ಎಣ್ಣೆ ಚೆಲ್ಲಿತ್ತು. ಕಂದು ಕುದುರೆಯ ಮುಂಗಾಲು ಅದರ ಮೇಲೆ ಬಿತ್ತು. ಲಾಳ ಗೀರಿದ ಸದ್ದು ಕೇಳಿತು. ಮರುಕ್ಷಣ ಕುದುರೆ ಮೊಣಕಾಲೂರಿ ಡಾಂಬರಿನ ಮೇಲೆ ಕುಸಿದಿತ್ತು. ಚಾಚಾ ಅದರ ಕೊರಳಿನ ಮೇಲಿಂದ ಜಾರಿ ಕೆಳಗೆ ಬಿದ್ದಿದ್ದರು. ಎದುರಿನಿಂದ ಬಂದ ಇಟ್ಟಿಗೆ ಲಾರಿ ಕುದುರೆಯ ಮೂತಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಚಾಲಕ ಕೆಳಗಿಳಿದ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬೀಡಿ ಹಚ್ಚಲು ಹೋದ. ಎರಡು ಕಡ್ಡಿಗಳು ಹೊತ್ತದೆ ಹೋದವು. ಬೀಡಿಯನ್ನು ಕಿವಿಗೆ ಸಿಕ್ಕಿಸಿ ಮತ್ತೆ ಲಾರಿ ಹತ್ತಿ ಕುಳಿತ.

ಚಾಚಾರ ಮೊಣಕೈ ತರಚಿತ್ತು. ಕುದುರೆಯ ಎರಡೂ ಮಂಡಿಗಳಲ್ಲಿ ರಕ್ತವಿತ್ತು. ನಾನು ಅಲ್ಲೇ ಇಳಿದೆ. ಮುಂದಕ್ಕೆ ಎಲ್ಲರೂ ನಡೆದೇ ಹೋದೆವು. ಹೋದ ಮಳೆಗಾಲದಲ್ಲಿ ಚಾಚಾರ ಇನ್ನೊಂದು ಕುದುರೆ ಇದೇ ರಸ್ತೆಯಲ್ಲಿ ಹೀಗೆಯೇ ಬಿದ್ದಿತ್ತಂತೆ. ಅಂದು ಎದುರಿಗೆ ಬಂದ ಟ್ಯಾಂಕರು ನಿಲ್ಲಲಿಲ್ಲ.

"ಮಣ್ಣಾಗ ಲಾಳ ಕಚ್ಚತದ್ರಿ, ಡಾಂಬರಿನ್ಯಾಗ ಜಾರತದ," ಎಂದ ಭೀಮಪ್ಪ. "ನಮಗೇನ್ ಬಂಗಾರ ಬ್ಯಾಡ. ಹಳೀ ದಾರಿ ತಗದು ಒಂದೀಟು ಸುಧಾರಿಸಿ ಕೊಡ್ರಿ ಅಂತ ಅರ್ಜಿ ಹಾಕೇವಿ. ತಗ್ಗಿಗೆ ಕೆಮ್ಮಣ್ಣು, ನಾಲಾ ಮ್ಯಾಲ ಒಂದು ಸಣ್ಣ ಸೇತುವಿ. ಇಷ್ಟ."

ತೀರದಲ್ಲಿ ಕುದುರೆಗಳು ಮಂಡಿಯವರೆಗೆ ನೀರಿನಲ್ಲಿ ನಿಂತವು. ಎಂಜಿನಿಯರು ಬರುವವರೆಗೆ ಎಳನೀರು ಕುಡಿದೆವು. ಛತ್ರಿ ಹಿಡಿದು ಬಂದ ಅವರು ಸಭ್ಯ ಮನುಷ್ಯ. ನಕ್ಷೆಯನ್ನು ಬಿಡಿಸಿ, "ದಾರಿ ಎಲ್ಲಿತ್ತು, ಹೇಳಿ," ಎಂದು ಹಿಂದಿಯಲ್ಲಿ ಕೇಳಿದರು.

"ನಾನ್ಯಾಕ ಹೇಳ್ಲಿ? ಅಕೀನ ಕೇಳ್ರಿ," ಎಂದು ಭೀಮಪ್ಪ ಶೇವಂತಿಯ ಲಗಾಮನ್ನು ಗಂಟು ಹಾಕಿ ಅವಳ ಕೊರಳ ಮೇಲೆ ಬಿಟ್ಟ. ನಾನು ಅವನ ಮಾತನ್ನು ಹಿಂದಿಯಲ್ಲಿ ಹೇಳಿದೆ.

ಇದು ಈ ಸವಾರರ ರೂಢಿ. ಕಡಲಿಗೆ ಹೋಗುವಾಗ ಲಗಾಮು ಹಿಡಿಯುತ್ತಾರೆ. ಮನೆಗೆ ತಿರುಗಿದ ಮೇಲೆ ಬಿಟ್ಟುಬಿಡುತ್ತಾರೆ. ದಾರಿಯನ್ನು ಕುದುರೆಯೇ ನೋಡಿಕೊಳ್ಳುತ್ತದೆ, ಸವಾರ ತೂಕಡಿಸುತ್ತಾನೆ. ವರ್ಷದಿಂದ ಭೀಮಪ್ಪ ಅವಳನ್ನು ಬಲವಂತದಿಂದ ದೊಡ್ಡ ರಸ್ತೆಗೆ ತಿರುಗಿಸುತ್ತಿದ್ದ. ಇಂದು ತಿರುಗಿಸಲಿಲ್ಲ.

ಶೇವಂತಿ ಒಮ್ಮೆ ಹಿಂತಿರುಗಿ ನೋಡಿ ಹೊರಟಳು. ತೆಂಗಿನ ಮರಗಳ ನಡುವೆ ಹೋಗಿ, ನಾಲೆಯ ಬದಿ ಹಿಡಿದು, ಕಲ್ಲು ಹಾಸಿದ ಜಾಗದಲ್ಲಿ ನೀರಿಗಿಳಿದು ಆಚೆ ಹತ್ತಿದಳು. ಎಂಜಿನಿಯರು ಪ್ಯಾಂಟು ಮಡಿಚಿ ಹಿಂಬಾಲಿಸಿದರು. ಹುಲ್ಲು ಎದೆಯುದ್ದ ಬೆಳೆದಿದ್ದರೂ ಕಾಲಡಿಯ ನೆಲ ಗಟ್ಟಿಯಾಗಿ, ಸಮವಾಗಿತ್ತು. ಕೊನೆಗೆ ಅವಳು ಸೊಸೈಟಿಯ ಗೋಡೆಗೆ ಎದೆ ಒತ್ತಿ ನಿಂತಳು. ಅತ್ತಿತ್ತ ಸರಿಯಲಿಲ್ಲ.

ಸೊಸೈಟಿಯ ಸೆಕ್ರೆಟರಿ ಶೆಟ್ಟರು ಪಕ್ಕದ ಗೇಟಿನಿಂದ ಬಂದರು. ಅಂಧೇರಿಯಲ್ಲಿ ಹೋಟೆಲಿನವರು. ನಾನು ಕನ್ನಡದವನೆಂದು ತಿಳಿದು ನನ್ನ ಕಡೆಗೇ ತಿರುಗಿದರು.

"ಎಂತ ಮಾರಾಯ್ರೆ ಇದು? ಫ್ಲ್ಯಾಟ್ ತಗೊಳ್ಳುವಾಗ ಇಲ್ಲಿ ಕುದುರೆ ದಾರಿ ಉಂಟು ಅಂತ ಯಾರೂ ಹೇಳ್ಲಿಲ್ಲ. ಇಲ್ಲಿ ಬರೀ ಗದ್ದೆ ಇದ್ದದ್ದು. ಗೋಡೆ ಕಂಡ್ರೆ ಯಾವ ಕುದುರೆಯೂ ನಿಲ್ತದೆ."

ಅದು ತಪ್ಪು ಮಾತಾಗಿರಲಿಲ್ಲ. ಎಂಜಿನಿಯರು, ಕುದುರೆಯನ್ನು ಗೇಟಿನಿಂದ ಒಳಗೆ ಬಿಡಿ, ಆಮೇಲೆ ನೋಡೋಣ ಎಂದರು. ಶೇವಂತಿ ಗೇಟು ದಾಟಿ, ನಿಂತ ಸ್ಕೂಟರುಗಳನ್ನು ಸುತ್ತಿ, ಗೋಡೆಯ ಹಿಂದೆ ಅದೇ ಗೆರೆಗೆ ಬಂದಳು. ಅಲ್ಲಿಂದ ನೇರ ನಡೆದು, ಮೆಟ್ಟಿಲ ಪಕ್ಕದಲ್ಲಿದ್ದ ಹೂವಿನ ಪಾತಿಯೊಳಗೆ ಮೂತಿ ತೂರಿಸಿದಳು. ಮೇಲಿನ ಗ್ಯಾಲರಿಯಲ್ಲಿ ಹೆಂಗಸೊಬ್ಬರು ಕೂಗಿಕೊಂಡರು. ಶೇವಂತಿ ಹೂವಿಗೆ ಬಾಯಿ ಹಾಕಲಿಲ್ಲ. ಮಣ್ಣನ್ನು ತುಟಿಯಿಂದ ಸರಿಸುತ್ತಿದ್ದಳು.

ಎಂಜಿನಿಯರು ಬಾಗಿ ಗಿಡಗಳನ್ನು ಪಕ್ಕಕ್ಕೆ ಒತ್ತಿದರು. ಪಾತಿಯೆಂದುಕೊಂಡದ್ದು ಒಂದೇ ಕಲ್ಲಿನಲ್ಲಿ ಕೊರೆದದ್ದು. ಅಂಚು ಕುದುರೆಗಳ ಕೊರಳು ತಾಗಿ ನುಣುಪಾಗಿತ್ತು. ಬದಿಯಲ್ಲಿ ಕಟ್ಟಿಹಾಕುವ ಕಬ್ಬಿಣದ ಬಳೆಯಿತ್ತು. ಅದು ಕುದುರೆಗಳಿಗೆ ನೀರು ಕುಡಿಸುವ ತೊಟ್ಟಿ.

ಶೆಟ್ಟರ ಮುಖ ಬಿಳಿಚಿತು. "ದೇವರಾಣೆ, ಬಿಲ್ಡರ್ ಕೊಟ್ಟ ಹೂವಿನ ಕುಂಡ ಅಂತ ಎಣಿಸಿದ್ದೆ," ಎಂದರು. ನಾನು ಅವರನ್ನು ನಂಬಿದೆ.

ಎಂಜಿನಿಯರು ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು. ಇಲ್ಲಿ ಸಾರ್ವಜನಿಕ ದಾರಿ ಇತ್ತು, ಗೋಡೆ ಒಡೆಸುತ್ತೇನೆ ಎಂದರು. ಯೂಸುಫ್ ಚಾಚಾ ಭೀಮಪ್ಪನನ್ನು ತಬ್ಬಿಕೊಂಡರು. "ಲಿಖೋ ಸಾಬ್, ಲಿಖೋ," ಎಂದು ನನಗೆ ಹೇಳಿ ತರಚಿದ ಮೊಣಕೈಯನ್ನು ಮರೆತು ನಕ್ಕರು.

ಎಂಜಿನಿಯರು ಮುಂದುವರಿಸಿದರು. ಅವರಿಗೂ ಸಂತೋಷವಾಗಿತ್ತು. "ನೀವು ಸುಧಾರಣೆಯನ್ನೂ ಕೇಳಿದ್ದೀರಿ. ಅರ್ಧಂಬರ್ಧ ಮಾಡುವುದಿಲ್ಲ. ನಲವತ್ತು ಅಡಿ ಅಗಲ, ಪೂರ್ತಿ ಡಾಂಬರು, ದೀಪದ ಕಂಬ. ಸ್ಟೇಷನ್ ಕಡೆಯಿಂದ ಬರುವ ಲಾರಿಗಳಿಗೂ ಇದು ಹತ್ತಿರದ ದಾರಿಯಾಗುತ್ತದೆ."

ಭೀಮಪ್ಪನ ನಗೆ ಅರ್ಧಕ್ಕೇ ನಿಂತಿತು. "ಡಾಂಬರ್ ನೈ ಸಾಬ್," ಎಂದ. "ಮಿಟ್ಟಿ. ಕುದರಿಗೆ ಮಿಟ್ಟಿ."

ಮಣ್ಣಿನ ರಸ್ತೆ ಮಾಡಲು ಇಲಾಖೆಯಲ್ಲಿ ಖರ್ಚಿನ ಬಾಬತ್ತೇ ಇಲ್ಲ ಎಂದು ಎಂಜಿನಿಯರು ವಿವರಿಸಿದರು. ದಾರಿ ನಕ್ಷೆಗೆ ಬಂದರೆ ಅದು ರಸ್ತೆ; ರಸ್ತೆಯೆಂದರೆ ಡಾಂಬರು. ಒಂದು ಬದಿಯಲ್ಲಾದರೂ ಮಣ್ಣು ಬಿಡಬಹುದೇ ಎಂದು ನಾನು ಕೇಳಿದೆ. ಬದಿಯಲ್ಲಿ ಕಲ್ಲುಹಾಸಿನ ಫುಟ್‌ಪಾತ್ ಬರುತ್ತದೆ ಎಂದರು. ಹಾಗಾದರೆ ಗೆರೆಯನ್ನು ಅಳಿಸಿಬಿಡಿ ಎಂದು ಚಾಚಾ ಕೇಳಿದರು. ಸಾರ್ವಜನಿಕ ದಾರಿಯನ್ನು ಅಳಿಸಲು ತಮಗೆ ಅಧಿಕಾರವಿಲ್ಲ ಎಂದು ಹೇಳಿ ಎಂಜಿನಿಯರು ನಕ್ಷೆ ಮಡಚಿದರು.

ಶೆಟ್ಟರ ಮುಖಕ್ಕೆ ಮಾತ್ರ ಬಣ್ಣ ಮರಳಿತ್ತು. "ಬಸ್ಸೂ ಬರ್ಬಹುದು ಹಾಗಾದ್ರೆ. ಗೋಡೆ ಹೋದ್ರೆ ಹೋಗ್ಲಿ," ಎಂದರು. ಆಮೇಲೆ ಭೀಮಪ್ಪನನ್ನು ನೋಡಿ ದನಿ ತಗ್ಗಿಸಿದರು. "ನೀವು ಕೇಳಿದ್ದು ಇದನ್ನೇ ಅಲ್ವಾ?"

ಭೀಮಪ್ಪ ಶೇವಂತಿಯ ಕೊರಳ ಮೇಲಿನ ಲಗಾಮಿನ ಗಂಟು ಬಿಚ್ಚತೊಡಗಿದ. ಹಲವು ವರ್ಷಗಳಿಂದ ಸಭೆ, ಮೋರ್ಚಾಗಳ ವರದಿ ಬರೆದಿದ್ದೇನೆ. ಸೋತವರನ್ನೂ ಗೆದ್ದವರನ್ನೂ ಕಂಡಿದ್ದೇನೆ. ಗೆದ್ದ ಮೇಲೆ ಇಂಥ ಮುಖಗಳನ್ನು ನೋಡಿರಲಿಲ್ಲ.

ಗೋಡೆ ಇನ್ನೂ ಇತ್ತು. ಲಾಯಕ್ಕೆ ದೊಡ್ಡ ರಸ್ತೆಯಿಂದಲೇ ಹೋಗಬೇಕಿತ್ತು. ತಿರುವಿನವರೆಗೆ ಜೊತೆಗೆ ನಡೆದು ನಾನು ಸಿಟಿ ಬಸ್ ಹತ್ತಿದೆ. ಹಿಂದಿನ ಕಿಟಕಿಯಿಂದ ನೋಡಿದಾಗ ಯೂಸುಫ್ ಚಾಚಾ ಕುಂಟುತ್ತಿದ್ದ ಕಂದು ಕುದುರೆಯನ್ನು ರಸ್ತೆಯ ಅಂಚಿನಲ್ಲಿ ನಡೆಸುತ್ತಿದ್ದರು. ಶೇವಂತಿ ಮತ್ತೆ ಮತ್ತೆ ಹಳೆಯ ದಾರಿಯ ಕಡೆ ತಲೆ ತಿರುಗಿಸುತ್ತಿದ್ದಳು. ಮನೆಗೆ ಮರಳುವ ಹೊತ್ತು. ಭೀಮಪ್ಪ ಲಗಾಮನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು, ಅವಳ ಮುಖವನ್ನು ತನ್ನ ಭುಜಕ್ಕೆ ಒತ್ತಿ ಹಿಡಿದಿದ್ದ.